ದಾಸರ ಪದಕ್ಕೆ ಅರ್ಥ ಕೇಳುವವರಿಲ್ಲವೇ?

ಮಾನ್ಯ ಸಂಪಾದಕರಿಗೆ ವಂದನೆಗಳು.

ಪುರಂದರದಾಸರ ಆರಾಧನೆಯ ನಿಮಿತ್ತ ನಮ್ಮ ಬಡಾವಣೆಯಲ್ಲಿ ಏರ್ಪಡಿಸಿದ್ದ ಮಕ್ಕಳ ದಾಸರ ಪದಗಳ ಸ್ಪರ್ಧೆಗೆ ಈ ಸಲ ನನ್ನನ್ನೂ ತೀರ್ಪುಗಾರನಾಗಿ ಕರೆದಿದ್ದರು. ಕೈಗೆ ಕೊಟ್ಟ ಅಂಕಪಟ್ಟಿಯಲ್ಲಿ ಶ್ರುತಿ, ತಾಳ, ಉಚ್ಚಾರಣೆ, ವೇಷಭೂಷಣ ಎಂಬ ನಾಲ್ಕು ಕಾಲಂಗಳಿದ್ದವು. ಅರ್ಥಕ್ಕೆ ಒಂದು ಕಾಲಂ ಬೇಡವೇ ಎಂದು ಸಂಘಟಕರನ್ನು ಕೇಳಿದಾಗ, ಅರವತ್ತು ಮಕ್ಕಳಿದ್ದಾರೆ, ಅಷ್ಟು ಹೊತ್ತು ಎಲ್ಲಿದೆ ಸಾರ್ ಎಂಬ ಉತ್ತರ ಬಂತು. ಅವರ ಕಷ್ಟ ನನಗೆ ಅರ್ಥವಾಗದ್ದೇನಲ್ಲ. ಆದರೂ ಅಂದಿನಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ಒಂದು ವಿಷಯವನ್ನು ತಮ್ಮ ಪತ್ರಿಕೆಯ ಓದುಗರ ಮುಂದಿಡಬೇಕೆನಿಸಿದೆ.

ಎಂಟು ವರ್ಷದ ಒಬ್ಬ ಹುಡುಗಿ ಕಾಲಿಗೆ ಗೆಜ್ಜೆ ಕಟ್ಟಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಬಂದು ‘ರಾಗಿ ತಂದೀರಾ’ ಹಾಡಿದಳು. ಹಾಡು ಮುಗಿಯುವಾಗ ಜೋಳಿಗೆಯಿಂದ ಒಂದು ಹಿಡಿ ರಾಗಿ ತೆಗೆದು ತೋರಿಸಿದಳು. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು, ದಾಸರು ಬೇಡಿದ್ದು ಯಾವ ರಾಗಿಯಮ್ಮ ಎಂದು ಕೇಳಿದೆ. ಮುದ್ದೆ ಮಾಡುವ ರಾಗಿ ಎಂದಳು. ‘ಯೋಗ್ಯರಾಗಿ, ಭೋಗ್ಯರಾಗಿ’ ಎಂಬುದನ್ನು ಬಿಡಿಸಿ, ನಿಧಾನವಾಗಿ, ಕೊನೆಯ ಎರಡಕ್ಷರವನ್ನು ಒತ್ತಿ ಹೇಳು ಎಂದೆ. ಎರಡನೆಯ ಸಲ ಹೇಳುವಾಗಲೇ ಅವಳ ಕಣ್ಣು ಅರಳಿತು. ಅನ್ನದಾನ ಮಾಡುವವ‘ರಾಗಿ’, ಅನ್ಯ ವಾರ್ತೆಗಳನ್ನು ಬಿಟ್ಟವ‘ರಾಗಿ’ ಎಂದು ಮುಂದಿನದನ್ನು ತಾನೇ ಹುಡುಕತೊಡಗಿದಳು. ಪಕ್ಕದಲ್ಲಿ ನಿಂತಿದ್ದ ತಾಯಿ, ನಮಗೂ ಇದು ಗೊತ್ತಿರಲಿಲ್ಲ ಎಂದರು. ಧಾನ್ಯವನ್ನು ಕೇಳುವ ನೆಪದಲ್ಲಿ ದಾಸರು ನೀವು ಎಂಥವರಾಗಿದ್ದೀರಿ ಎಂದು ಮನೆಬಾಗಿಲಲ್ಲೇ ನಿಂತು ವಿಚಾರಿಸುತ್ತಿದ್ದಾರೆ. ಇದಿಷ್ಟು ತಿಳಿಯದಿದ್ದರೆ ಆ ಪದ ಭಿಕ್ಷೆಯ ಹಾಡಾಗಿಯೇ ಉಳಿಯುತ್ತದೆ.

ಭಕ್ತಿಯಲ್ಲಿ ಭಾವ ಮುಖ್ಯ, ತಿಳಿವಳಿಕೆ ಪಂಡಿತರ ಪಾಡು ಎಂಬ ಮಾತು ಇಂದು ಸಾಮಾನ್ಯವಾಗಿದೆ. ಆದರೆ ದಾಸರು ಯಾವ ಪರಂಪರೆಯಲ್ಲಿ ನಿಂತು ಹಾಡಿದರೋ ಆ ಪರಂಪರೆ ಇದನ್ನು ಒಪ್ಪುವುದಿಲ್ಲ. ಅದರ ಮೂಲ ಆಚಾರ್ಯರಾದ ಮಧ್ವಾಚಾರ್ಯರು ‘ಮಹಾಭಾರತ ತಾತ್ಪರ್ಯ ನಿರ್ಣಯ’ದ ಮೊದಲನೆಯ ಅಧ್ಯಾಯದಲ್ಲಿ ಭಕ್ತಿಗೆ ಹೇಳಿರುವ ಲಕ್ಷಣವೇ ‘ಮಾಹಾತ್ಮ್ಯಜ್ಞಾನಪೂರ್ವ’ವಾದ ಸ್ನೇಹ ಎಂಬುದು. ದೇವರ ಹಿರಿಮೆಯನ್ನು ಮೊದಲು ಅರಿತು, ಆ ಅರಿವಿನಿಂದ ಹುಟ್ಟಿ, ಉಳಿದೆಲ್ಲದರ ಮೇಲಿನ ಪ್ರೀತಿಯನ್ನು ಮೀರಿ ಗಟ್ಟಿಯಾಗಿ ನಿಂತ ಸ್ನೇಹಕ್ಕೆ ಮಾತ್ರ ಅವರು ಭಕ್ತಿ ಎಂದರು. ಭಯ ಎನ್ನಲಿಲ್ಲ, ಹರಕೆ ಎನ್ನಲಿಲ್ಲ, ಸ್ನೇಹ ಎಂದರು. ಆದರೆ ಅದರ ಮುಂದೆ ಜ್ಞಾನವನ್ನು ಇಟ್ಟರು. ಹೆಸರೊಂದನ್ನು ಬಿಟ್ಟು ಮತ್ತೇನೂ ತಿಳಿಯದವನನ್ನು ನಾವಾದರೂ ಸ್ನೇಹಿತ ಎಂದು ಕರೆಯುತ್ತೇವೆಯೇ?

ಅದೇ ದಿನ ಮತ್ತೊಬ್ಬ ಹುಡುಗ ಕನಕದಾಸರ ‘ನೀ ಮಾಯೆಯೊಳಗೋ’ ಪದವನ್ನು ಕರೋಕೆ ಟ್ರ್ಯಾಕಿನ ವೇಗಕ್ಕೆ ಸಿಕ್ಕಿ ಮೂರು ನಿಮಿಷದಲ್ಲಿ ಮುಗಿಸಿದ. ಆ ಪದದಲ್ಲಿ ಇರುವುದೆಲ್ಲ ಬರೀ ಪ್ರಶ್ನೆ. ಸವಿ ಇರುವುದು ಸಕ್ಕರೆಯಲ್ಲೋ, ಸಕ್ಕರೆ ಇರುವುದು ಸವಿಯಲ್ಲೋ, ಎರಡೂ ಇರುವುದು ನಾಲಿಗೆಯಲ್ಲೋ, ಆ ನಾಲಿಗೆ ಮನಸ್ಸಿನಲ್ಲೋ ಎಂದು ಕನಕದಾಸರು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಸರಿಯುತ್ತ, ಕಣ್ಣು, ನಾಲಿಗೆ, ಮೂಗುಗಳ ಸಾಕ್ಷಿಯನ್ನು ಒಂದೊಂದಾಗಿ ಪರೀಕ್ಷಿಸಿ, ಪ್ರತಿ ನುಡಿಯ ಕೊನೆಗೂ ಪ್ರಶ್ನೆಯನ್ನು ಹರಿಯ ಮುಂದೆಯೇ ತಂದು ನಿಲ್ಲಿಸುತ್ತಾರೆ. ಪ್ರತಿ ನುಡಿಯ ನಂತರ ಒಂದು ಗಳಿಗೆ ಸುಮ್ಮನಿರಬೇಕಾದ ಪದ ಅದು.

ನಾನು ಬೆಳೆದದ್ದು ರಾಯಚೂರು ಸೀಮೆಯಲ್ಲಿ. ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ವನ್ನು ಆ ಕಡೆ ಹಾಡುವುದಷ್ಟೇ ಅಲ್ಲ, ಪಾಠ ಹೇಳಿಸಿಕೊಳ್ಳುತ್ತಾರೆ. ಭಾಮಿನಿ ಷಟ್ಪದಿಯ ಆ ಕಾವ್ಯದ 32 ಸಂಧಿಗಳಲ್ಲಿ, ಎಂದರೆ ಅಧ್ಯಾಯಗಳಲ್ಲಿ, ಒಂದು ಭೋಜನ ಸಂಧಿ. ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲೂ ಭಗವಂತನ ಒಂದೊಂದು ರೂಪವನ್ನು ನೆನೆಯುವ ಕ್ರಮ ಅದರಲ್ಲಿದೆ. ಅಕ್ಷರ ಬಾರದ ನಮ್ಮ ಅಜ್ಜಿ ತುಪ್ಪದ ಮಿಳ್ಳೆ ಹಿಡಿದು ಬಂದು, ಬಡಿಸುವ ಮುನ್ನ ಕೈ ತಡೆದು ಒಂದು ಹೆಸರು ಹೇಳುತ್ತಿದ್ದಳು. ಯಾಕೆ ಎಂದರೆ ಕಾರಣವನ್ನೂ ಹೇಳುತ್ತಿದ್ದಳು. ಅವಳಿಗೆ ಅದು ಗೊತ್ತಿದ್ದದ್ದು ಮಧ್ಯಾಹ್ನದ ಹೊತ್ತು ಯಾರದೋ ಪಡಸಾಲೆಯಲ್ಲಿ ಕುಳಿತು ಕೇಳಿಸಿಕೊಂಡ ಅರ್ಥದಿಂದ.

ಹಾಗೆಂದು ಬರಿಯ ಪಾಂಡಿತ್ಯಕ್ಕೂ ಈ ಪರಂಪರೆ ಮಣೆ ಹಾಕಿಲ್ಲ. ಜಗನ್ನಾಥದಾಸರು ಮೊದಲು ಸಂಸ್ಕೃತ ವಿದ್ವಾಂಸರಾಗಿದ್ದು, ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಹಗುರವಾಗಿ ಕಂಡರೆಂದೂ, ಅನಂತರ ಕಾಡಿದ ಹೊಟ್ಟೆನೋವು ವಿಜಯದಾಸರ ಶಿಷ್ಯರಾದ ಗೋಪಾಲದಾಸರ ಅನುಗ್ರಹದಿಂದಲೇ ವಾಸಿಯಾಯಿತೆಂದೂ ಐತಿಹ್ಯವಿದೆ. ಮಲಗಿ ಹಾಡಿದರೆ ದೇವರು ಕುಳಿತು ಕೇಳುತ್ತಾನೆ, ಕುಳಿತು ಹಾಡಿದರೆ ನಿಂತು ಕೇಳುತ್ತಾನೆ ಎಂಬ ಕರುಣಾ ಸಂಧಿಯ ಮಾತನ್ನು ಬರೆದವರೂ ಅವರೇ. ಅರ್ಥ ಬೇಡ ಎನ್ನುವವರು ಸಾಮಾನ್ಯವಾಗಿ ಇದೊಂದನ್ನೇ ಎತ್ತಿ ಹೇಳುತ್ತಾರೆ. ಕರುಣಾ ಸಂಧಿ ಎರಡನೆಯದು. ಅದರ ಮುಂದೆ ಇನ್ನೂ ಮೂವತ್ತು ಸಂಧಿಗಳಿವೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಆರಾಧನೆಗಳನ್ನು ನಡೆಸುವವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಸ್ಪರ್ಧೆಗೆ ಬಂದ ಮಗುವಿಗೆ ಪದದ ಒಂದು ನುಡಿಯ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಲು ಒಂದು ನಿಮಿಷ ಕೊಡಿ. ಅಷ್ಟು ಹೊತ್ತು ಸಾಲದಿದ್ದರೆ ವೇಷಭೂಷಣದ ಕಾಲಂ ತೆಗೆದುಹಾಕಿ. ಭಜನಾ ಮಂಡಳಿಗಳ ತಾಯಂದಿರು ಹತ್ತು ಪದ ಹಾಡುವ ದಿನ ಎಂಟೇ ಹಾಡಿ, ಉಳಿದ ಹೊತ್ತಿನಲ್ಲಿ ಒಂದರ ಅರ್ಥವನ್ನು ಬಲ್ಲವರಿಂದ ಕೇಳಿಸಿಕೊಳ್ಳಲಿ. ಹಾಗೆಯೇ ತಮ್ಮ ಪತ್ರಿಕೆಯೂ ವಾರಕ್ಕೊಂದು ದಾಸರ ಪದವನ್ನು ಕಠಿಣ ಶಬ್ದಗಳ ಅರ್ಥದೊಡನೆ ಅಚ್ಚುಮಾಡಬಹುದೇ ಎಂದು ವಿನಂತಿಸುತ್ತೇನೆ. ಮೊದಲನೆಯ ವಾರಕ್ಕೆ ‘ರಾಗಿ ತಂದೀರಾ’ ಆದರೆ ಆ ಹುಡುಗಿಯ ಮನೆಗೆ ಒಂದು ಪ್ರತಿ ನಾನೇ ಒಯ್ದು ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ