ಮೂಳೆ ಕ್ಯಾನ್ಸರ್ ಆಪರೇಷನ್: ಅರಿವಳಿಕೆ ತಪಾಸಣೆ ಹಿಂದಿನ ಸಂಜೆಗೆ ಬೇಡ

ಮಾನ್ಯ ಸಂಪಾದಕರೇ,

ಕಿಮೊಥೆರಪಿ ಬೆಂಗಳೂರಿನಲ್ಲಿ, ಮೂಳೆ ಮುರಿದಾಗ ಆಪರೇಷನ್ ಊರ ಹತ್ತಿರ. ಕೋಲಾರ ಜಿಲ್ಲೆಯಲ್ಲಿ ಹೀಗೆ ಓಡಾಡುವ ಮೂಳೆ ಕ್ಯಾನ್ಸರ್ ರೋಗಿಗಳ ಫೈಲ್ ಎಷ್ಟೋ ಸಲ ಮನೆಯಲ್ಲೇ ಉಳಿದಿರುತ್ತದೆ. ಅರಿವಳಿಕೆ ವೈದ್ಯರು ಅವರನ್ನು ಹಿಂದಿನ ಸಂಜೆ ನೋಡಿದರೆ ಏನೂ ಸರಿಪಡಿಸಲಾಗದು.

ಮೊದಲು ಕೇಳಬೇಕಾದ್ದು ಡಾಕ್ಸೊರುಬಿಸಿನ್, ಅಂದರೆ ಕೆಂಪು ಬಣ್ಣದ ಔಷಧಿ, ಒಟ್ಟು ಎಷ್ಟು ಹೋಗಿದೆ ಎಂದು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 450–550 ಮಿ.ಗ್ರಾಂ ದಾಟಿದರೆ ಹೃದಯ ಸೋಲುವ ಅಪಾಯ ಜೋರಾಗಿ ಏರುತ್ತದೆ. ಇಸಿಜಿ ಸಾಲದು, ಎಕೊ (ಹೃದಯದ ಸ್ಕ್ಯಾನ್) ಬೇಕು. ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಇನ್ನೊಂದು ಕಿಮೊ ಔಷಧಿ ಸಿಸ್‌ಪ್ಲಾಟಿನ್ ಪಡೆದವರಿಗೆ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ಜೊತೆ ಮೆಗ್ನೀಸಿಯಂ, ಪೊಟ್ಯಾಸಿಯಂ ನೋಡಬೇಕು. ಅಂಥವರಿಗೆ ನೋವಿಗೆಂದು ಡೈಕ್ಲೊಫೆನಾಕ್ ಚುಚ್ಚುವುದು ಮೂತ್ರಪಿಂಡಕ್ಕೆ ಎರಡನೇ ಏಟು. ರಕ್ತಕಣಗಳು ಚೇತರಿಸಿಕೊಳ್ಳಲು ಕೊನೆಯ ಕಿಮೊದಿಂದ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು 80 ಸಾವಿರಕ್ಕಿಂತ ಕೆಳಗಿದ್ದರೆ ಅರಿವಳಿಕೆಗೆಂದು ಬೆನ್ನಿಗೆ ಸೂಜಿ ಹಾಕಲು ನಾವು ಹಿಂಜರಿಯುತ್ತೇವೆ. ಒಳಗೆ ರಕ್ತ ಕಟ್ಟಿ ನರ ಒತ್ತಿದರೆ ಕಾಲುಗಳ ಸ್ವಾಧೀನವೇ ತಪ್ಪಬಹುದು.

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ, ಕೊಳವೆಬಾವಿಯ ಫ್ಲೋರೈಡ್. ಅದರಿಂದ ಬರುವ ಫ್ಲೋರೋಸಿಸ್ ಹಳೆಯದಾದರೆ ಬೆನ್ನುಮೂಳೆಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜುಗಳು ಮೂಳೆಯಂತೆ ಗಟ್ಟಿಯಾಗಿ ಸೂಜಿ ನೇರ ಇಳಿಯುವುದಿಲ್ಲ, ಪಕ್ಕದಿಂದ ಪ್ರಯತ್ನಿಸಬೇಕು. ಕುತ್ತಿಗೆಯೂ ಬಾಗದಿದ್ದರೆ ಉಸಿರಿನ ನಳಿಕೆ ಹಾಕುವುದೂ ಕಷ್ಟ. ಹಾಗೆಂದು ಕ್ಯಾನ್ಸರ್ ರೋಗಿಯ ಬೆನ್ನುನೋವನ್ನು ‘ನೀರಿನ ದೋಷ’ ಎಂದು ಬಿಟ್ಟುಬಿಡುವಂತಿಲ್ಲ. ಗೆಡ್ಡೆ ಅಲ್ಲಿಗೂ ಹರಡಿದೆಯೇ ಎಂದು ಎಂಆರ್‌ಐ ನೋಡಿಯೇ ಸೂಜಿ ಹಾಕಬೇಕು.

ಹೆಚ್ಚು ಎಡವಟ್ಟಾಗುವುದು ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್ ವಿಷಯದಲ್ಲಿ. ‘ಬೆಳಿಗ್ಗೆ ಏನೂ ನುಂಗಬೇಡಿ’ ಎಂದದ್ದೇ ಮನೆಯವರು ಆ ಮಾತ್ರೆಯನ್ನೂ ನಿಲ್ಲಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ರೋಗಿಗೆ ಆಕಳಿಕೆ, ಬೆವರು, ಚಡಪಡಿಕೆ. ಅದು ಮಾರ್ಫಿನ್ ಒಮ್ಮೆಲೇ ನಿಂತದ್ದರ ಪರಿಣಾಮ, ವಾರ್ಡಿನಲ್ಲಿ ಭಯ ಎಂದುಕೊಳ್ಳುತ್ತಾರೆ. ಘನಾಹಾರ ಆರು ಗಂಟೆ ಮೊದಲು ನಿಲ್ಲಬೇಕು ನಿಜ, ಆದರೆ ಮಾಮೂಲಿ ಮಾರ್ಫಿನ್ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ಕೊಡಬಹುದು. ದಿನಕ್ಕೆ 60 ಮಿ.ಗ್ರಾಂ ನುಂಗುತ್ತಿದ್ದವರಿಗೆ ಆಪರೇಷನ್ ನಂತರ ಎಲ್ಲರಿಗೂ ಕೊಡುವ ಡೋಸ್ ಏನೇನೂ ಸಾಲದು. ಬಾಯಿಯ 30 ಮಿ.ಗ್ರಾಂ ಸುಮಾರಾಗಿ ರಕ್ತನಾಳದ 10 ಮಿ.ಗ್ರಾಂಗೆ ಸಮ. ಈ ಲೆಕ್ಕದಲ್ಲಿ ಹಳೆಯ ಡೋಸ್ ಉಳಿಸಿಕೊಂಡು, ಗಾಯದ ನೋವಿಗೆ ಬೇರೆಯೇ ಸೇರಿಸಬೇಕು. ಎಪಿಡ್ಯೂರಲ್ (ಬೆನ್ನಿನಲ್ಲಿ) ಅಥವಾ ನರದ ಪಕ್ಕದಲ್ಲಿ ಮರಗಟ್ಟಿಸುವ ಔಷಧಿ ಹರಿಸುವ ಸಣ್ಣ ಕೊಳವೆ ಇದ್ದರೆ ಮಾರ್ಫಿನ್ ಹೊರೆ ಇಳಿಯುತ್ತದೆ.

ಲೋಹದ ಕೀಲನ್ನು ಕೂರಿಸಲು ತೊಡೆಮೂಳೆಗೆ ಸಿಮೆಂಟ್ ತುಂಬುವ ಕ್ಷಣವನ್ನು ಸರ್ಜನ್ ಬಾಯಿಬಿಟ್ಟು ಹೇಳಬೇಕು. ಒತ್ತಡಕ್ಕೆ ಮಜ್ಜೆ, ಕೊಬ್ಬು ರಕ್ತಕ್ಕೆ ನುಗ್ಗಿ ಬಿಪಿ, ಆಮ್ಲಜನಕ ಎರಡೂ ಒಮ್ಮೆಲೇ ಕುಸಿಯಬಹುದು. ಮೂಳೆಯೊಳಗಿನ ಕಾಲುವೆಯನ್ನು ಮೊದಲೇ ಸಲೈನ್‌ನಿಂದ ತೊಳೆದು ಒಣಗಿಸಿರಬೇಕು, ಬಿಪಿ ಏರಿಸುವ ಔಷಧಿ ಸಿರಿಂಜಿನಲ್ಲಿ ತಯಾರಿರಬೇಕು.

ಅರಿವಳಿಕೆ ತಪಾಸಣೆ ಒಂದು ವಾರ ಮೊದಲೇ ಆಗಲಿ. ಮುರಿತ ತುರ್ತೆಂದರೂ ಎಕೊ, ರಕ್ತಪರೀಕ್ಷೆಗೆ ಒಂದು ದಿನ ಸಾಮಾನ್ಯವಾಗಿ ಸಿಗುತ್ತದೆ. ಕಿಮೊ ಕೊಡುವ ಕೇಂದ್ರಗಳು ಔಷಧಿಗಳ ಒಟ್ಟು ಡೋಸ್, ಕೊನೆಯ ದಿನಾಂಕ, ಎಕೊ ಫಲಿತಾಂಶ, ಮಾರ್ಫಿನ್ ಪ್ರಮಾಣವನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲೂ ಬರೆದುಕೊಡಲಿ. ಅದರ ಫೋಟೊ ಮನೆಯವರ ಮೊಬೈಲ್‌ನಲ್ಲಿದ್ದರೂ ನಮಗೆ ಸಾಕು.

– ಅರಿವಳಿಕೆ ವೈದ್ಯರು, ಕೋಲಾರ