ಕಣದಲ್ಲಿ ನಿಂತ ಆನೆಗಳು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಕೆಲಸದ ವಿಷಯ, ಹೊಸ ಮನೆ ವಿಷಯ ಎಲ್ಲ ಓದಿದೆ. ಆದರೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, 'ಬೆಳಗಿನ ಜಾವ ಬಿದ್ದ ಕನಸು ನಿಜವಾಗುತ್ತಾ ದೊಡ್ಡಪ್ಪ?' ಅಂತ, ಅದೊಂದೇ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಕಾಫಿ ಒಣಗಿಸುವ ಕಣದ ತುಂಬ ಆನೆ. ನಡುವೆ ನಿಮ್ಮಪ್ಪ ಟಾರ್ಚ್ ಹಿಡಿದು ನಿಂತಿದ್ದಾನೆ. ನೀನು ಕೂಗಿದರೂ ತಿರುಗುತ್ತಿಲ್ಲ. ಅವು ಒಂಚೂರೂ ಸದ್ದಿಲ್ಲದೆ ಬಂದವು, ಅದೇ ಜಾಸ್ತಿ ಹೆದರಿಕೆಯಾಯಿತು ಅಂದಿದ್ದೀಯ. ಆನೆ ಬರುವುದೇ ಹಾಗೆ ಮಗಳೇ. ಒಣಗಿದ ಸಿಲ್ವರ್ ಓಕ್ ಮರದ ಎಲೆ ಮೇಲೆ ನಾವು ಕಾಲಿಟ್ಟರೆ ಚರಚರ ಅನ್ನುತ್ತೆ. ಅದರ ಅಂಗಾಲು ಮೆತ್ತೆಯ ಹಾಗೆ, ಏನೂ ಕೇಳುವುದಿಲ್ಲ. ಬೈನೆ ಮರ ಮುರಿದಾಗಲೇ ಗೊತ್ತಾಗುವುದು. ಹುಟ್ಟಿ ಬೆಳೆದ ಜಾಗದಲ್ಲಿ ಕಂಡದ್ದೇ ಕನಸಿಗೆ ಬಂದಿದೆ, ಅಲ್ವಾ?

ನಮ್ಮಜ್ಜಿ ಇದ್ದಿದ್ದರೆ ಆನೆ ಅಂದರೆ ಗಣಪ, ಶುಭ ಅನ್ನುತ್ತಿದ್ದರು. ಕೆಟ್ಟದ್ದು ಕಂಡರೆ ಹರಿಯುವ ನೀರಿಗೆ ಹೇಳಿಬಿಡು ಅನ್ನುತ್ತಿದ್ದರು. ನಾನೂ ಅಷ್ಟು ಬರೆದು ಸುಮ್ನಿರಬಹುದಿತ್ತು. ಕೈ ಬರಲಿಲ್ಲ. ನನಗೂ ಒಂದು ಸಲ ಆನೆ ಕನಸು ಬಿದ್ದಿತ್ತು. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ.

1979ರಲ್ಲಿ ಹೇಮಾವತಿ ಅಣೆಕಟ್ಟು ಮುಗಿದು ಹಿನ್ನೀರು ನಿಂತಿತು. ಆಮೇಲೆಯೇ ಆನೆಗಳು ನಮ್ಮ ಕಡೆ ತೋಟಗಳಿಗೆ ಒಗ್ಗಿಕೊಂಡಿದ್ದು. ನಾನು ಹೇಳುತ್ತಿರುವುದು ಅದಾಗಿ ಎಷ್ಟೋ ವರ್ಷದ ಮೇಲಿನ ಮಾತು. ಕಾಫಿ ಕುಯ್ಲಿನ ದಿನ. ಸಂಜೆ ತೋಟದ ಕೆಲಸದವರಿರುವ ಲೈನ್ ಮನೆ ದಾರಿಯಲ್ಲಿ ಲದ್ದಿ ಬಿದ್ದಿತ್ತು. ಕೈ ಹತ್ತಿರ ಹಿಡಿದೆ, ಇನ್ನೂ ಬಿಸಿ ಇತ್ತು. ಬೈನೆ ನಾರು ಹಾಗೇ ಕಾಣುತ್ತಿತ್ತು. ಬೆಳಿಗ್ಗೆ ಹೇಳಿದರಾಯಿತು ಅಂತ ಬಂದು ಮಲಗಿದೆ. ಜಾವದಲ್ಲಿ ಸಲಗವೊಂದು ನಮ್ಮ ಬಾಗಿಲಲ್ಲಿ ನಿಂತ ಹಾಗೆ ಕನಸು. ಎದ್ದು ದೇವರಿಗೆ ಕೈ ಮುಗಿದು ಕಾಫಿ ಕುಡಿಯುತ್ತಿದ್ದೆ, ಕೂಗು ಕೇಳಿಸಿತು. ಕೆಲಸಕ್ಕೆ ಹೊರಟಿದ್ದ ಹೆಂಗಸು, ಅದೇ ದಾರಿ. ಅವಳ ಬುತ್ತಿ ಡಬ್ಬಿಯ ಮುಚ್ಚಳ ಆಮೇಲೆ ಕಾಫಿ ಗಿಡದ ಬುಡದಲ್ಲಿ ಸಿಕ್ಕಿತು.

ಕನಸು ಮೊದಲೇ ಹೇಳಿತ್ತು, ನನಗೆ ತಿಳಿಯಲಿಲ್ಲ ಅಂತಲೇ ಇಷ್ಟು ವರ್ಷ ಸಮಾಧಾನ ಮಾಡಿಕೊಂಡೆ. ಹೇಳಿದ್ದು ಲದ್ದಿ, ಪುಟ್ಟಿ. ಲೈನ್ ಮನೆಗೆ ಅಲ್ಲಿಂದ ನೂರು ಹೆಜ್ಜೆ. ನಾನು ಹೋಗಲಿಲ್ಲ.

ನಿಜವಾಗುತ್ತಾ ಅಂತ ಕೇಳಿದ್ದೀಯ. ಕನಸಿಗೆ ಆ ಶಕ್ತಿ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಭಯ ನಿನ್ನೊಳಗೆ ಮೊದಲಿಂದಲೂ ಇದೆ. 2023ರ ಡಿಸೆಂಬರಿನಲ್ಲಿ ಯಸಳೂರಿನ ಹತ್ತಿರ ಕಾಡಾನೆ ಹಿಡಿಯಲು ಹೋಗಿ ದಸರಾ ಆನೆ ಅರ್ಜುನ ಸತ್ತ ದಿನ ನೀನು ಫೋನ್ ಮಾಡಿ ಅತ್ತೆ. ಎಂಟು ಸಲ ಅಂಬಾರಿ ಹೊತ್ತ ಆನೆ, ಯಾರಿಗೆ ತಾನೇ ಅಳು ಬರಲಿಲ್ಲ. ಆದರೆ ಆವತ್ತೂ ನೀನು ಮೊದಲು ಕೇಳಿದ್ದು 'ಅಪ್ಪ ಎಲ್ಲಿದ್ದಾರೆ' ಅಂತ.

ಅವನು ರಾತ್ರಿ ಹೊತ್ತು ಕಣಕ್ಕೆ ಹೋಗುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ನಾನು ಹೇಳಿದರೆ ತಲೆ ಆಡಿಸುತ್ತಾನೆ, ಅಷ್ಟೇ. ನೀನು ಹೇಳಿದರೆ ಕೇಳಬಹುದೇನೋ. ಆನೆ ಎಲ್ಲಿದೆ ಅಂತ ಫಾರೆಸ್ಟಿನವರ ಮೆಸೇಜ್ ಬರುತ್ತೆ, ಅವನು ತೆಗೆದು ನೋಡುವುದೇ ಇಲ್ಲ. ಸಂಜೆ ಫೋನ್ ಮಾಡಿದಾಗ ಅದನ್ನು ಓದಿ ಹೇಳಪ್ಪ ಅನ್ನು. ಇಷ್ಟೇ ತೋಚುತ್ತಿರುವುದು, ದೊಡ್ಡ ಉಪಾಯವೇನಲ್ಲ. ಕನಸು ಮತ್ತೆ ಬಿದ್ದರೆ ನೀರಿಗೆ ಹೇಳಬೇಡ, ಅವನಿಗೇ ಹೇಳು.

ನಿನ್ನೆ ಸಂಜೆ ಅವನ ಕಣಕ್ಕೆ ಹೋಗಿದ್ದೆ. ಮೂಲೆಯ ಬಲ್ಬ್ ಸುಟ್ಟುಹೋಗಿತ್ತು, ಹೊಸದು ಹಾಕಿಸಿ ಬಂದೆ. ನಿನ್ನ ಕನಸಿನ ಮಾತು ಎತ್ತಲಿಲ್ಲ. ಅದನ್ನು ನೀನೇ ಹೇಳಬೇಕು.

ನಿನ್ನ
ದೊಡ್ಡಪ್ಪ