ಅಘನಾಶಿನಿಯಲ್ಲಿ ಗಡಿಯಾರ ನೋಡಿ ದೋಣಿ ಬಿಡಬೇಡಿ: ಪ್ರವಾಸೋದ್ಯಮ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ ನಮಸ್ಕಾರಗಳು.

ಉತ್ತರ ಕನ್ನಡದ ಕರಾವಳಿಯಲ್ಲಿ ಗೋಕರ್ಣಕ್ಕೆ, ಮುರುಡೇಶ್ವರಕ್ಕೆ, ಯಾಣಕ್ಕೆ ಯಾರೂ ಕರೆಯದಿದ್ದರೂ ಜನ ಬರುತ್ತಾರೆ. ಅವುಗಳ ನಡುವೆಯೇ ಇರುವ ಅಘನಾಶಿನಿ ಅಳಿವೆಯ ಬಗ್ಗೆ ಈ ಪತ್ರ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟು ಕಾಣದೆ ತದಡಿಯ ಬಳಿ ಕಡಲು ಸೇರುವ ಹೊಳೆ ಇದು. 2024ರಲ್ಲಿ ಇಲ್ಲಿನ 4,801 ಹೆಕ್ಟೇರ್ ಪ್ರದೇಶ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇನ್ನು ಬೋಟಿಂಗ್, ರೆಸಾರ್ಟ್ ಎಂಬ ಮಾತು ಬಂದೇ ಬರುತ್ತದೆ. ಬರಲಿ. ಆದರೆ ಇಲ್ಲಿ ಏನೇ ಮಾಡಿದರೂ ಉಬ್ಬರ-ಇಳಿತದ ಲೆಕ್ಕ ಹಿಡಿದೇ ಮಾಡಬೇಕು.

ದಿನಕ್ಕೆ ಎರಡು ಸಲ ಭರತ (ಉಬ್ಬರ), ಎರಡು ಸಲ ಇಳಿತ. ಹೊತ್ತು ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಹತ್ತಕ್ಕೆ ತುಂಬಿದ್ದ ಹೊಳೆಯ ಕವಲಿನಲ್ಲಿ ವಾರ ಕಳೆದು ಅದೇ ಹತ್ತಕ್ಕೆ ದೋಣಿಯ ತಳ ಕೆಸರಿಗೆ ತಾಗುತ್ತದೆ. ಆಮೇಲೆ ನೀರು ಏರುವವರೆಗೆ ಮಕ್ಕಳು ಮುದುಕರೆಲ್ಲ ಬಿಸಿಲಲ್ಲಿ ಕೂತಿರಬೇಕು. ಆದ್ದರಿಂದ ‘ಬೆಳಿಗ್ಗೆ 10ರಿಂದ ಸಂಜೆ 5’ ಎಂಬ ಫಲಕ ಇಲ್ಲಿ ನಡೆಯುವುದಿಲ್ಲ. ತದಡಿ, ಅಘನಾಶಿನಿ, ಮಿರ್ಜಾನ ಮೂರೂ ಕಡೆ ತಿಂಗಳ ಉಬ್ಬರ-ಇಳಿತದ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಹಾಕಿಸಿ. ದೋಣಿಯ ಹೊತ್ತನ್ನು ಅದರ ಮೇಲೆ ಗೊತ್ತು ಮಾಡಿ. ಬಳಚು (ಚಿಪ್ಪುಮೀನು) ಹೆಕ್ಕುವುದನ್ನು ತೋರಿಸಬೇಕೆಂದರೆ ಪೂರ್ಣ ಇಳಿತದ ಹಿಂದೆ ಮುಂದೆ ಸುಮಾರು ಒಂದೂವರೆ ಗಂಟೆ ಮಾತ್ರ ಸಿಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿಯುವುದರಿಂದ ಆ ದಿನಗಳೇ ಒಳ್ಳೆಯವು.

ಇನ್ನು ಗಜನಿ, ಅಂದರೆ ಹೊಳೆಯಂಚಿನ ಉಪ್ಪು ನೀರಿನ ಗದ್ದೆ. ಈ ಅಳಿವೆಯನ್ನು ಬೇರೆ ಹಿನ್ನೀರುಗಳಿಂದ ಬೇರೆಯಾಗಿ ನಿಲ್ಲಿಸುವುದು ಗಜನಿಯೇ ಎಂಬುದು ನಮ್ಮ ಅಭಿಪ್ರಾಯ. ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಕಟ್ಟೆ, ಕಟ್ಟೆಯಲ್ಲಿ ಹಲಗೆಯ ಜಂತ್ರಡಿ ಬಾಗಿಲು. ಮಳೆಗಾಲದ ಮೊದಲ ಮಳೆಗಳು ಮಣ್ಣಿನ ಉಪ್ಪು ತೊಳೆಯುತ್ತವೆ. ಇಳಿತದಲ್ಲಿ ಬಾಗಿಲು ತೆಗೆದು ಆ ನೀರನ್ನು ಹೊರಗೆ ಬಿಡುತ್ತಾರೆ, ಭರತಕ್ಕೆ ಮುಂಚೆ ಹಲಗೆ ಇಳಿಸುತ್ತಾರೆ. ಮೊಳಕೆ ಬರಿಸಿದ ಕಗ್ಗದ ಬೀಜ ಬಿತ್ತಿದರೆ ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಉಪ್ಪು ನೀರು ಸ್ವಲ್ಪ ನುಗ್ಗಿದರೂ ತಾಳಿಕೊಳ್ಳುವ ಎತ್ತರದ ಭತ್ತ ಇದು. ಅಕ್ಟೋಬರ್-ನವೆಂಬರ್‌ನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲು ಬಿಡುತ್ತಾರೆ. ಆಮೇಲೆ ಕೆಲಸ ತಿರುವುಮುರುವು: ಭರತದಲ್ಲಿ ಬಾಗಿಲು ತೆಗೆದರೆ ಸೀಗಡಿ ಮರಿ, ಮೀನು ಮರಿ ಒಳಗೆ ಬರುತ್ತವೆ, ಕೊಳೆತ ಹುಲ್ಲೇ ಅವಕ್ಕೆ ಆಹಾರ. ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಒಂದೇ ಗದ್ದೆ, ಒಂದೇ ಬಾಗಿಲು, ವರ್ಷಕ್ಕೆ ಎರಡು ಫಸಲು. ನೋಡಲು ಬಂದವರಿಗೆ ಇದಕ್ಕಿಂತ ದೊಡ್ಡ ಪಾಠ ಯಾವ ಮ್ಯೂಸಿಯಂನಲ್ಲಿ ಸಿಕ್ಕೀತು?

ಕೆಡುವುದು ಎಲ್ಲಿ ಎಂದರೆ ಕಟ್ಟೆಯಲ್ಲಿ. ಏಡಿ ಕೊರೆದ ಬಿಲದಿಂದ ಮೊದಲು ಬೆರಳಿನಷ್ಟು ನೀರು ಸೋರುತ್ತದೆ. ನಾಲ್ಕಾರು ಭರತ ಕಳೆಯುವಷ್ಟರಲ್ಲಿ ಅಲ್ಲಿ ಮಣ್ಣು ಕುಸಿಯುತ್ತದೆ. ಗಜನಿಯೊಳಗೆ ಬೇಲಿಯಿಲ್ಲ, ಆದ್ದರಿಂದ ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಒಬ್ಬ ರೈತ ತನ್ನ ಪಾಲು ಸರಿಮಾಡಿಕೊಂಡು ಬಚಾವಾಗಲು ಆಗುವುದಿಲ್ಲ. ಹೊಳೆಯ ಬದಿಗೆ ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಇದ್ದಲ್ಲಿ ಬೇರು ಅಲೆಯ ಹೊಡೆತ ತಡೆಯುತ್ತದೆ. ದಯವಿಟ್ಟು ಜೆಟ್ಟಿ, ವೀಕ್ಷಣಾ ಕಟ್ಟೆ ಎಂದು ಆ ಕಾಂಡ್ಲಾ ಕಡಿಸಬೇಡಿ. ಪ್ರವಾಸಿಗರಿಂದ ಬರುವ ಹಣದಲ್ಲಿ ಒಂದು ಪಾಲು ಜಂತ್ರಡಿ ಹಲಗೆಗೂ ಕಟ್ಟೆಯ ಮಣ್ಣಿಗೂ ಹೋಗುವಂತೆ ಆದೇಶದಲ್ಲೇ ಬರೆಸಿ.

ಶೌಚಾಲಯದ ಮಾತು ಸಣ್ಣದೆಂದು ಬಿಡಬೇಡಿ. ಹೊಳೆಯಂಚಿನ ಮರಳಿನಲ್ಲಿ ಇಂಗುಗುಂಡಿ ತೋಡಿದರೆ, ಅಂತರ್ಜಲ ಮೇಲೇ ಇರುವುದರಿಂದ ಕೊಳಚೆ ನೇರ ಅಳಿವೆಗೆ ಬರುತ್ತದೆ. ಬಳಚು ನೀರು ಸೋಸಿ ಬದುಕುವ ಜೀವಿ, ನೀರಲ್ಲಿ ಇದ್ದದ್ದೆಲ್ಲ ಅದರ ಮೈಗೆ ಸೇರುತ್ತದೆ. ಅದನ್ನೇ ಹೆಕ್ಕಿ ಮಾರಿ ಬದುಕುವ ಹೆಂಗಸರ ಬುಟ್ಟಿಯನ್ನು ಆಮೇಲೆ ಯಾರು ಕೊಳ್ಳುತ್ತಾರೆ? ಸೋರದ ಟ್ಯಾಂಕು, ಅದನ್ನು ಖಾಲಿ ಮಾಡುವ ವಾಹನ, ಇವೆರಡೂ ಇಲ್ಲದ ಹೋಂಸ್ಟೇಗೆ ಪರವಾನಗಿ ಕೊಡಬಾರದು.

ದಾರಿ ತೋರಿಸುವುದು ಕಷ್ಟವಲ್ಲ. ಮಿರ್ಜಾನದಲ್ಲಿ ಕೊಂಕಣ ರೈಲ್ವೆ ನಿಲ್ದಾಣವಿದೆ, ಹೆದ್ದಾರಿ ಪಕ್ಕದಲ್ಲೇ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಬೆರೆತ ಕೋಟೆ. ಅಲ್ಲಿಂದ ಗಜನಿ, ಮುಂದೆ ಸಾಣಿಕಟ್ಟಾದ ಉಪ್ಪಿನ ಆಗರ. ಆಗರ ಬೇಸಿಗೆಯಲ್ಲಿ ಮಾತ್ರ, ಕಗ್ಗದ ಗದ್ದೆ ಮಳೆಗಾಲದಲ್ಲಿ ಮಾತ್ರ. ಯಾವ ತಿಂಗಳಲ್ಲಿ ಏನು ಕಾಣುತ್ತದೆ ಎಂಬುದನ್ನು ಇಲಾಖೆಯ ಕರಪತ್ರದಲ್ಲಿ ಸರಿಯಾಗಿ ಹಾಕಿಸಿ. ಸುಗ್ಗಿ ಕುಣಿತ ಹೋಳಿಯ ಹೊತ್ತಿನದು. ಬಂದವರಿಗೆಂದು ಡಿಸೆಂಬರಿನಲ್ಲಿ ವೇದಿಕೆ ಹತ್ತಿಸಬೇಡಿ.

ಗೋಕರ್ಣದ ಕಡಲಿನ ಬಗ್ಗೆ ಒಂದೇ ಮಾತು. ಎರಡು ಬದಿಗೆ ಅಲೆ ಒಡೆಯುತ್ತಿದ್ದು ನಡುವೆ ನೀರು ಶಾಂತವಾಗಿ ಕಂಡರೆ ಅಲ್ಲೇ ಜನರನ್ನು ಕಡಲೊಳಗೆ ಎಳೆದೊಯ್ಯುವ ಸೆಳೆತ ಇರುವುದು. ಹೊಸಬರು ಇಳಿಯುವುದೂ ಅಲ್ಲೇ. ‘ಈಜಬೇಡಿ’ ಎಂಬ ಫಲಕ ಸಾಲದು. ಆ ಜಾಗದ ಚಿತ್ರ ಬೇಕು, ಸಿಕ್ಕಿಕೊಂಡರೆ ದಡದ ಕಡೆ ಸೆಣಸದೆ ದಡಕ್ಕೆ ಸಮನಾಗಿ ಅಡ್ಡ ಈಜಬೇಕೆಂಬ ಸೂಚನೆ ಬೇಕು, ಕೈಗೆಟಕುವಲ್ಲಿ ಹಗ್ಗ-ಟ್ಯೂಬು ಬೇಕು.

ಕಟ್ಟೆಯ ಕೆಲಸಕ್ಕೆ ಹಣ ಮಾರ್ಚ್‌ನಲ್ಲೇ ಬಿಡುಗಡೆಯಾಗಲಿ. ಮೇ ಮುಗಿಯುವುದರೊಳಗೆ ಹಲಗೆ ಕೂರಬೇಕು, ಮಣ್ಣು ಬೀಳಬೇಕು. ಜೂನ್‌ನಲ್ಲಿ ಕಗ್ಗ ಬಿತ್ತಿದ ಮೇಲೆ ಅಲ್ಲಿಗೆ ಮಣ್ಣು ಹೊರಲು ದಾರಿಯೇ ಇರುವುದಿಲ್ಲ.

ಇತಿ,
ಅಘನಾಶಿನಿ ದಂಡೆಯ ನಿವಾಸಿಗಳು